ಕಾಲಿಗೊಂದು ಕವಚ: ಕರೋಲ್ ಬಾಗಿನಿಂದ ಕುಂಜುಮ್ ಘಟ್ಟದವರೆಗೆ

ದಿಲ್ಲಿಯಲ್ಲಿ ಹೆಲ್ಮೆಟ್ಟಿಲ್ಲದೆ ಮೋಟಾರು ಸೈಕಲ್ಲನ್ನೇರಿ ಹೊರಟರೆ ಮೊದಲನೆಯ ಚೌಕದಲ್ಲೇ ಪೋಲೀಸಿನವರು ನಮ್ಮ ತಲೆಯ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತಾರೆ. ಕಾಲನ್ನು ವಿಚಾರಿಸುವವರು ಯಾರೂ ಇಲ್ಲ. ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಶಿರಸ್ತ್ರಾಣವನ್ನು ಕಡ್ಡಾಯ ಮಾಡಿದೆ. ಸವಾರರ ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಇರಲೇಬೇಕೆಂಬ ಆಜ್ಞೆಯೂ 2021ರ ಜೂನ್ 1ರಿಂದ ಜಾರಿಗೆ ಬಂದಿದೆ. ಪಾದಗಳ ವಿಷಯದಲ್ಲಿ ಈ ಕಲಮು ಮೌನವಾಗಿದೆ. ದಿನವೂ ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಕಾಯಿದೆ ಎಲ್ಲಿ ಮೌನವಾಗುತ್ತದೆಯೋ ಅಲ್ಲಿ ಮನುಷ್ಯ ತನ್ನ ಬುದ್ಧಿಯನ್ನು ತಾನೇ ಉಪಯೋಗಿಸಬೇಕು.

ನಾವು ಎಂದರೆ ಮೂವರು. ಮೂವರೂ ರಾಜಧಾನಿಯ ಒಂದೇ ಸರಕಾರೀ ಕಟ್ಟಡದಲ್ಲಿ ಗುಮಾಸ್ತರು, ಮೂವರೂ ಕನ್ನಡಿಗರು. ಒಬ್ಬರು ಧಾರವಾಡದವರು, ಇನ್ನೊಬ್ಬರು ಮೈಸೂರಿನವರು, ಉಳಿದ ಈ ಬರೆಯುವ ಕೈ ಶಿವಮೊಗ್ಗದ ಕಡೆಯದು. ಮೈಸೂರಿನವರಿಗೆ ಮೋಟಾರು ಸೈಕಲ್ಲಿನ ಹುಚ್ಚು ಪಿತ್ರಾರ್ಜಿತವಾಗಿ ಬಂದದ್ದು. ಅವರ ಊರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿಗಳನ್ನು ತಯಾರಿಸತೊಡಗಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಯ ಒಂದು ಗಾಡಿಯನ್ನು ಅವರ ತಂದೆಯವರು ಮೂವತ್ತು ವರ್ಷ ಓಡಿಸಿದರಂತೆ, ಅದೂ ಪಂಚೆಯನ್ನು ಮೇಲಕ್ಕೆ ಕಟ್ಟಿ, ಚಪ್ಪಲಿ ಮೆಟ್ಟಿಕೊಂಡು. ಆದ್ದರಿಂದ ಬೂಟಿನ ಮಾತೆತ್ತಿದಾಗಲೆಲ್ಲ ಆ ಹಿರಿಯರು ದೂರವಾಣಿಯಲ್ಲಿ ನಗುತ್ತಿದ್ದರು. ಮೈಸೂರಿನಿಂದ ನಂಜನಗೂಡಿಗೆ ಹೋಗಿಬರಲು ಚಪ್ಪಲಿ ಸಾಕಾಗಿತ್ತು, ನಿಜ. ನಾವು ಹೊರಟದ್ದು ಸ್ಪಿತಿಗೆ.

ಹಿಮಾಚಲ ಪ್ರದೇಶದ ಸ್ಪಿತಿಯ ಕಣಿವೆಗೆ ಮನಾಲಿಯ ಕಡೆಯಿಂದ ಹೋಗುವ ದಾರಿಯಲ್ಲಿ, ಗ್ರಾಂಫುವಿನಿಂದ ಕುಂಜುಮ್ ಘಟ್ಟದವರೆಗಿನ ಭಾಗವನ್ನು ರಸ್ತೆ ಎನ್ನುವುದು ಉಪಚಾರದ ಮಾತೇ ಸರಿ. ನಾವು ಹೋದದ್ದು 2022ರ ಸೆಪ್ಟೆಂಬರಿನಲ್ಲಿ. ಆಗ ಅಲ್ಲಿದ್ದದ್ದು ಕಲ್ಲು, ಮರಳು, ಹಿಮ ಕರಗಿ ಹರಿದುಬರುವ ನಾಲೆಗಳು, ಮತ್ತೆ ಕಲ್ಲು. ಚಳಿಗಾಲದಲ್ಲಿ ಹಿಮ ಬಿದ್ದು ಈ ದಾರಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಬೇಸಗೆಯಲ್ಲಿ ತೆರೆದ ಮೇಲೂ ಅದು ಯಾರನ್ನೂ ಸುಮ್ಮನೆ ಬಿಡುವುದಿಲ್ಲ.

ಮನೆಯವರ ಅಪ್ಪಣೆ ಸಿಗುವುದು ಸುಲಭವಾಗಿರಲಿಲ್ಲ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ನಮ್ಮ ಪರಿಚಯದ ಕನ್ನಡಿಗರೊಬ್ಬರು ಕಚ್ಚಾ ದಾರಿಯೊಂದರಲ್ಲಿ, ಸೈಕಲ್ಲಿನ ವೇಗದಲ್ಲಿ ಹೋಗುತ್ತಿದ್ದಾಗ ಗಾಡಿಯೊಡನೆ ಪಕ್ಕಕ್ಕೆ ವಾಲಿದರು. ಬಿದ್ದರು ಎನ್ನುವುದಕ್ಕಿಂತ ಒರಗಿದರು ಎನ್ನಬೇಕು. ತಲೆಗೆ ಹೆಲ್ಮೆಟ್ಟಿತ್ತು, ಒಂದು ಗೀರೂ ಆಗಲಿಲ್ಲ. ಕಾಲಲ್ಲಿ ಬೆಳಗಿನ ಸಂಚಾರಕ್ಕೆ ಹಾಕಿಕೊಳ್ಳುವ ಕ್ಯಾನ್‌ವಾಸ್ ಬೂಟು. ಗಾಡಿಯ ಭಾರವೆಲ್ಲ ಪಾದವೂ ಕಣಕಾಲೂ ಕೂಡುವ ಹರಡಿನ ಮೇಲೆ ಬಿತ್ತು. ಅಲ್ಲಿಯ ಎಲುಬು ಎರಡು ಕಡೆ ಮುರಿಯಿತು. ಉಕ್ಕಿನ ಪಟ್ಟಿ ಕೂರಿಸಿದರು. ನಾಲ್ಕು ತಿಂಗಳು ಮನೆ, ಅದರಲ್ಲಿ ಅರ್ಧ ಸಂಬಳದ ರಜೆ. ಅವರ ಮಗಳನ್ನು ಶಾಲೆಗೆ ಬಿಡಲು ನೆರೆಹೊರೆಯವರು ಸರದಿ ಹಾಕಿಕೊಂಡರು. ಸಂಕ್ರಾಂತಿಯ ಎಳ್ಳು ಬೀರಲು ಅವರ ಮನೆಗೆ ಹೋದ ನಮ್ಮ ಮಡದಿಯರು ಆ ಕಾಲನ್ನು ಕಣ್ಣಾರೆ ಕಂಡು ಬಂದಿದ್ದರು. ನಮ್ಮೂರು ಇಲ್ಲಿಂದ ರೈಲಿನಲ್ಲಿ ಎರಡು ರಾತ್ರಿಯ ದೂರ. ಇಲ್ಲಿ ಕಾಲು ಮುರಿದರೆ ಓಡಿಬರಲು ಅತ್ತೆಯಿಲ್ಲ, ಅಣ್ಣನಿಲ್ಲ. ಹೀಗಾಗಿ ಮೂರು ಮನೆಗಳಿಂದಲೂ ಹೊರಟದ್ದು ಒಂದೇ ಷರತ್ತು: “ಹೋಗುವುದಾದರೆ ಹೋಗಿ. ಮೊದಲು ಕಾಲಿಗೆ ಬೇಕಾದದ್ದನ್ನು ಕೊಳ್ಳಿ, ಆಮೇಲೆ ರಜೆಯ ಅರ್ಜಿ.”

ಹಾಗೆ ಮೂರು ಶನಿವಾರಗಳು ಕರೋಲ್ ಬಾಗಿನಲ್ಲಿ ಕಳೆದವು. ಅಲ್ಲಿಯ ನಾಈವಾಲಾ ಗಲ್ಲಿ ಮೋಟಾರು ಸೈಕಲ್ಲಿನವರ ಕಾಶಿ. (ನಮ್ಮ ನಾಯಿಗೂ ಅದಕ್ಕೂ ಸಂಬಂಧವಿಲ್ಲ, ಹಿಂದಿಯಲ್ಲಿ ನಾಈ ಎಂದರೆ ಕ್ಷೌರಿಕ. ಊರಿಂದ ಬಂದ ಮಕ್ಕಳಿಗೆ ಇದನ್ನು ಪ್ರತಿಸಲವೂ ಬಿಡಿಸಿ ಹೇಳಬೇಕಾಗುತ್ತದೆ.) ಒಂದು ಅಂಗಡಿಯ ತುಂಬ ಕನ್ನಡಿಗಳು, ಇನ್ನೊಂದರ ತುಂಬ ಹೊಗೆಕೊಳವೆಗಳು, ಕಾಲುದಾರಿಯಲ್ಲೇ ಎಂಜಿನ್ ಬಿಚ್ಚಿ ಕುಳಿತ ಮಿಸ್ತ್ರಿಗಳು. ಬೂಟುಗಳು ಮಾತ್ರ ಮಹಡಿಯ ಮೇಲೆ, ಗಾಜಿನ ಹಿಂದೆ, ತುಸು ಗತ್ತಿನಿಂದ ನಿಂತಿದ್ದವು.

ಮೊದಲ ಶನಿವಾರ ಸುಮ್ಮನೆ ನೋಡಿದೆವು. ನೋಡಿದ ಮೇಲೆ ತಿಳಿದದ್ದು ಇಷ್ಟು: ಕಚ್ಚಾ ದಾರಿಯ ಸವಾರರ ಬೂಟುಗಳಲ್ಲಿ ಮುಖ್ಯವಾಗಿ ಎರಡು ಕುಲ. ಮೊದಲನೆಯದು ಮೋಟೋಕ್ರಾಸ್ ಬೂಟು. ಮೊಣಕಾಲಿನ ಕೆಳಗಿನವರೆಗೂ ಎತ್ತರ. ಕಣಕಾಲಿನ ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಫಲಕ. ಲೇಸಿನ ಬದಲು ನಾಲ್ಕು ಕೊಂಡಿಗಳು. ಹಾಕಿಕೊಂಡು ನಡೆದರೆ ಯಕ್ಷಗಾನದ ರಕ್ಕಸನ ಪ್ರವೇಶದಂತೆ ಕಾಣುತ್ತದೆ. ಎರಡನೆಯದು ದೂರ ಪ್ರವಾಸದವರ ಅಡ್ವೆಂಚರ್ ಬೂಟು. ಇದು ಸ್ವಲ್ಪ ಮೆದು, ನಡೆಯಲು ಬರುತ್ತದೆ, ಅಟ್ಟೆಯಲ್ಲಿ ಆಳವಾದ ಗೀರುಗಳಿರುತ್ತವೆ, ಒಳಗೆ ನೀರು ತಡೆಯುವ ತೆಳು ಪೊರೆಯಿರುತ್ತದೆ. ಇವೆರಡರಾಚೆ ಫೌಜಿನ ಚರ್ಮದ ಬೂಟು, ಮಳೆಗಾಲದ ಗಂಬೂಟು ಇವನ್ನೇ ನೆಚ್ಚಿ ಹೋಗುವವರೂ ಉಂಟು. ಗಂಬೂಟು ನೀರನ್ನು ತಡೆಯುತ್ತದೆ. ಆದರೆ ಬೀಳುವ ಗಾಡಿಯನ್ನು ತಡೆಯಲು ಅದರಲ್ಲಿ ಏನೂ ಇಲ್ಲ.

ಬೂಟು ಮಾಡುವ ಕೆಲಸವೇನೆಂಬುದನ್ನು ಒಬ್ಬ ವೃದ್ಧ ಅಂಗಡಿಕಾರರು ನಮಗೆ ಕೈಯಲ್ಲಿ ಹಿಡಿದು ತೋರಿಸಿದರು. ಅಟ್ಟೆಯೊಳಗೆ ಉಕ್ಕಿನ ಪಟ್ಟಿಯೊಂದು ಹುದುಗಿರುತ್ತದೆ. ಕಲ್ಲುದಾರಿಯಲ್ಲಿ ಸವಾರ ಕುಳಿತಿರುವುದಕ್ಕಿಂತ ಫುಟ್‌ರೆಸ್ಟಿನ ಮೇಲೆ ನಿಂತಿರುವುದೇ ಹೆಚ್ಚು. ಮೈಭಾರವೆಲ್ಲ ಅಂಗಾಲಿನ ನಡುವೆ ಎರಡು ಅಂಗುಲದ ಕಬ್ಬಿಣದ ಮೇಲೆ ಕೂರುತ್ತದೆ. ಮೆದು ಅಟ್ಟೆಯಾದರೆ ಗಂಟೆಯೊಳಗೆ ಪಾದ ನೋಯತೊಡಗುತ್ತದೆ. ಗಟ್ಟಿ ಅಟ್ಟೆ ಭಾರವನ್ನು ಪಾದದ ತುಂಬ ಹಂಚುತ್ತದೆ. ಬೆರಳಿನ ಕಡೆ ಗಟ್ಟಿ ಟೊಪ್ಪಿಗೆ, ಕಲ್ಲಿಗೆ ಬಡಿದಾಗ ಬೇಕಾದದ್ದು. ಹರಡಿನ ಎರಡೂ ಕಡೆ ಬಿಲ್ಲೆಗಳು. ಒಳ್ಳೆಯ ಮೋಟೋಕ್ರಾಸ್ ಬೂಟಿನಲ್ಲಿ ಹರಡಿನ ಬಳಿ ಬಾಗಿಲಿನ ಕೀಲಿನಂಥ ಕೀಲಿರುತ್ತದೆ. ಪಾದ ಮುಂದಕ್ಕೆ ಹಿಂದಕ್ಕೆ ಬಾಗುತ್ತದೆ, ಗೇರು ಬ್ರೇಕುಗಳಿಗೆ ಅಷ್ಟು ಬೇಕು. ಪಕ್ಕಕ್ಕೆ ಮಾತ್ರ ತಿರುಚಿಕೊಳ್ಳದು. ಒಳಮಗ್ಗುಲಿಗೆ, ಬಿಸಿ ಎಂಜಿನ್ನಿಗೆ ತಾಗುವ ಕಡೆ, ರಬ್ಬರಿನದೋ ಒರಟು ಚರ್ಮದ್ದೋ ಅಗಲವಾದ ತೇಪೆ. ಪರಿಚಯದವರ ಕಾಲು ಎಲ್ಲಿ ಮುರಿದಿತ್ತೋ ಅಲ್ಲಿ ನಮ್ಮ ಧಾರವಾಡದವರು ಬೆರಳಿಟ್ಟು ಒತ್ತಿ ನೋಡಿದರು. ಬೂಟು ಜಗ್ಗಲಿಲ್ಲ.

ಇನ್ನು ಗುರುತಿನ ವಿಚಾರ. ಯುರೋಪಿನಲ್ಲಿ ಸವಾರರ ಬೂಟುಗಳಿಗೆ ಇ.ಎನ್. 13634 ಎಂಬ ಮಾನಕವಿದೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಬೂಟಿನ ಚೀಟಿಯಲ್ಲಿ ಪುಟ್ಟ ಮೋಟಾರು ಸೈಕಲ್ ಸವಾರನ ಚಿತ್ರವೂ, 2017ರ ಆವೃತ್ತಿಯಂತೆ ನಾಲ್ಕು ಅಂಕಿಗಳೂ ಇರುತ್ತವೆ. ಪ್ರತಿ ಅಂಕಿಯೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರ. ಎರಡನೆಯದು ನೆಲಕ್ಕೆ ಉಜ್ಜಿದಾಗ ಸವೆಯದೆ ತಾಳುವ ಶಕ್ತಿ. ಮೂರನೆಯದು ಹರಿತವಾದದ್ದು ಬಡಿದಾಗ ಸೀಳದಿರುವ ಶಕ್ತಿ. ನಾಲ್ಕನೆಯದು ಅಡ್ಡಲಾಗಿ ಅಮುಕಿದಾಗ ಅಟ್ಟೆ ಮುದುರದಿರುವ ಶಕ್ತಿ. 2 ಎಂದರೆ ಮೇಲಿನ ದರ್ಜೆ. ಇವಲ್ಲದೆ ಐ.ಪಿ.ಎ. ಎಂದಿದ್ದರೆ ಹರಡಿನ ರಕ್ಷಣೆ, ಐ.ಪಿ.ಎಸ್. ಎಂದಿದ್ದರೆ ಕಣಕಾಲಿನ ರಕ್ಷಣೆ, ಡಬ್ಲ್ಯೂ.ಆರ್. ಎಂದಿದ್ದರೆ ನೀರನ್ನು ತಡೆಯುವ ಗುಣ ಪರೀಕ್ಷೆಗೆ ನಿಂತಿದೆ ಎಂದರ್ಥ. ಬರಿಯ ‘ಸಿ.ಇ.’ ಎಂಬ ಎರಡಕ್ಷರದ ಅಂಟುಚೀಟಿ ಹಚ್ಚಿ ಮಾರುವವರೂ ಉಂಟು. ಗುಮಾಸ್ತರಾದವರು ಸಹಿಯನ್ನಷ್ಟೇ ನೋಡಿ ಕಡತ ಮುಂದಕ್ಕೆ ಕಳಿಸುತ್ತಾರೆಯೆ? ಮಾನಕದ ಸಂಖ್ಯೆ, ಚಿತ್ರ, ನಾಲ್ಕು ಅಂಕಿ, ಎಲ್ಲವನ್ನೂ ಕೇಳಿದೆವು. ಎರಡು ಅಂಗಡಿಗಳಲ್ಲಿ ಕೇಳಿದೊಡನೆ ಮಾತು ಬದಲಾಯಿತು. ನಾವೂ ಅಂಗಡಿ ಬದಲಾಯಿಸಿದೆವು.

ಬೆಲೆಯ ಮಾತು ಬಂದಾಗ ಎದೆ ಒಮ್ಮೆ ಝಲ್ಲೆಂದದ್ದು ನಿಜ. ಗಾಜಿನ ಹಿಂದಿದ್ದ ಇಟಲಿಯ ಜೋಡಿಗಳು ನಮ್ಮ ಒಂದು ತಿಂಗಳ ಮನೆಬಾಡಿಗೆಯನ್ನು ನುಂಗಿ ಇನ್ನೂ ಹಸಿದಿರುವಂಥವು. ಇಟಲಿಯ ಹೆಸರುಗಳೇ ಏಕೆ ಎಂದು ಕೇಳಿದರೆ ಅದಕ್ಕೊಂದು ಇತಿಹಾಸವಿದೆ. ಆ ದೇಶದ ಉತ್ತರದಲ್ಲಿ, ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ಮೊಂಟೆಬೆಲ್ಲೂನಾ, ಆಸೊಲೊ, ಮಾಸೆರ್ ಎಂಬ ಊರುಗಳಿವೆ. ಬೆಟ್ಟ ಹತ್ತುವವರ ಬೂಟು ಹೊಲಿಯುವುದು ಆ ಸೀಮೆಯ ಹಳೆಯ ಕಸುಬು. ಸಿಡಿ ಕಂಪನಿ 1960ರಲ್ಲಿ, ಆಲ್ಪೈನ್‌ಸ್ಟಾರ್ಸ್ 1963ರಲ್ಲಿ ಇದೇ ಸೀಮೆಯಲ್ಲಿ ಆರಂಭವಾದವು. ಬೆಟ್ಟದವರಿಗೆ ಬೂಟು ಹೊಲಿದ ಕೈಗಳೇ ಮೋಟಾರು ಸೈಕಲ್ಲಿನವರಿಗೂ ಹೊಲಿದವು. ಈಗ ನಮ್ಮ ದೇಶದ ಕಂಪನಿಗಳೂ ಇಂಥ ಬೂಟು ಮಾರುತ್ತಿವೆ. ಬೆಲೆ ಅಷ್ಟು ಎತ್ತರದಲ್ಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಿರಿಯರ ಮಾತು. ಹಾಸಿಗೆಯನ್ನು ಅಳೆದೆವು, ಕಾಲನ್ನೂ ಅಳೆದೆವು. ಹೊಸ ಪೆಟ್ಟಿಗೆ, ಹೆಚ್ಚಿನ ದೀಪ, ಬಣ್ಣದ ಜಾಕೀಟು ಇವನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿ ಆ ಹಣವನ್ನೆಲ್ಲ ಬೂಟಿಗೆ ಮೀಸಲಿಟ್ಟೆವು.

ಮೂರನೆಯ ಶನಿವಾರ ಕೊಂಡೆವು. ಸಂಜೆಯ ಹೊತ್ತು ಹೋದೆವು. ದಿನವೆಲ್ಲ ಓಡಾಡಿದ ಪಾದ ಬೆಳಗಿನದಕ್ಕಿಂತ ತುಸು ಉಬ್ಬಿರುತ್ತದೆ. ದಪ್ಪ ಉಣ್ಣೆಯ ಕಾಲುಚೀಲ ಕೈಯಲ್ಲೇ ಒಯ್ದಿದ್ದೆವು. ಹಾಕಿಕೊಂಡು ನಿಂತಾಗ ಹಿಮ್ಮಡಿ ಒಳಗೆ ಮೇಲೇಳಬಾರದು. ಮುಂದೆ ಬೆರಳುಗಳಿಗೆ ಆಡಲು ತಾವು ಇರಬೇಕು. ಮೊಣಕಾಲು ಮಡಿಸಿ ಕುಕ್ಕರಿಸಿದರೆ ಬೂಟಿನ ಅಂಚು ಮಂಡಿಯ ಹಿಂದೆ ಕಚ್ಚಬಾರದು. ಆಮೇಲೆ ಅಂಗಡಿಯ ಮುಂದೆ ನಿಲ್ಲಿಸಿದ್ದ ನಮ್ಮದೇ ಗಾಡಿಯ ಮೇಲೆ ನಿಂತು ಗೇರು ಬದಲಾಯಿಸಿ ನೋಡಿದೆವು. ಬೂಟಿನ ಮೂತಿ ದಪ್ಪವಾದ್ದರಿಂದ ಗೇರಿನ ಸನ್ನೆಯ ಕೆಳಗೆ ತೂರುವುದಿಲ್ಲ. ಮಿಸ್ತ್ರಿ ಸನ್ನೆಯನ್ನು ಒಂದು ಹಲ್ಲು ಮೇಲಕ್ಕೆ ಕೂರಿಸಿಕೊಟ್ಟ. ಧಾರವಾಡದವರು ಕೀಲುಳ್ಳ ಮೋಟೋಕ್ರಾಸ್ ಜೋಡಿಯನ್ನೇ ಹಿಡಿದರು. ಮೈಸೂರಿನವರಿಗೆ ನಡೆದು ಗುಡಿ ಗೋಂಪಗಳನ್ನು ನೋಡುವ ಆಸೆ. ಅವರದು ನೀರು ತಡೆಯುವ ಅಡ್ವೆಂಚರ್ ಜೋಡಿ. ಅವರ ತಾಯಿಯವರಿಗೆ ಚರ್ಮ ಒಳಗೆ ಬರಬಾರದೆಂದಿದ್ದರಿಂದ ಚರ್ಮವಲ್ಲದ ಕೃತಕ ಬಟ್ಟೆಯದು. ಬರೆಯುವ ಕೈಯ ಕಾಲಿಗೂ ಅದೇ ಜಾತಿಯ ಇನ್ನೊಂದು.

ಆ ಮೇಲಿನ ಹದಿನೈದು ದಿನ ಮೂರು ಮನೆಗಳಲ್ಲೂ ಧಡಧಡ ಸದ್ದು. ಹೊಸ ಬೂಟು ಪಾದಕ್ಕೆ ಒಗ್ಗಬೇಕಾದರೆ ಹಾಕಿಕೊಂಡು ಓಡಾಡಬೇಕು. ಧಾರವಾಡದವರ ಕೆಳಮಹಡಿಯವರು ಒಮ್ಮೆ ಮೇಲೆ ಬಂದು ಮರಗೆಲಸ ಮುಗಿಯುವುದೆಂದು ಎಂದು ವಿಚಾರಿಸಿದರು.

ದಿಲ್ಲಿಯಿಂದ ಮನಾಲಿಗೆ ಸುಮಾರು 530 ಕಿಲೋಮೀಟರು. ಅದನ್ನು ಎರಡು ದಿನದಲ್ಲಿ ಮುಗಿಸಿದೆವು. ಮನಾಲಿಯಿಂದ ಮುಂದೆ ರೋಹತಾಂಗ್ ಘಟ್ಟವನ್ನು ಹತ್ತುವ ಬದಲು ಅದರ ಅಡಿಯ ಅಟಲ್ ಸುರಂಗದಲ್ಲಿ ಹೋದೆವು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಈ ಸುರಂಗ 9 ಕಿಲೋಮೀಟರಿಗೂ ತುಸು ಉದ್ದ. ಈಚೆ ಒಳಹೊಕ್ಕಾಗ ದೇವದಾರಿನ ಹಸುರು ಮತ್ತು ಜಡಿಮಳೆ. ಆಚೆ ಹೊರಬಿದ್ದಾಗ ಬೋಳು ಬೆಟ್ಟ, ನೀಲಿ ಆಕಾಶ. ಮಲೆನಾಡಿನಿಂದ ಬಯಲುಸೀಮೆಗೆ ಹೋಗಲು ನಮ್ಮಲ್ಲಿ ಅರ್ಧ ದಿನ ಬೇಕು. ಇಲ್ಲಿ ಕಾಲು ಗಂಟೆ ಸಾಕಾಯಿತು. ರಾತ್ರಿ ಸಿಸ್ಸುವಿನಲ್ಲಿ ತಂಗಿದೆವು.

ಹಿಮದ ನಾಲೆಗಳ ಸ್ವಭಾವವನ್ನು ಅಲ್ಲಿಯವರು ಹೇಳಿಕೊಟ್ಟಿದ್ದರು. ಹಗಲು ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ನೀರು ಏರುತ್ತದೆ. ಬೆಳಗಿನಲ್ಲಿ ಕಣಕಾಲುದ್ದವಿದ್ದ ನಾಲೆ ಮಧ್ಯಾಹ್ನ ಮಂಡಿಯುದ್ದ ಬರುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಎದ್ದು ಹೊರಟೆವು. ಗ್ರಾಂಫುವಿನಲ್ಲಿ ಸ್ಪಿತಿಯ ದಾರಿಗೆ ತಿರುಗಿದೊಡನೆ ಡಾಂಬರು ಮುಗಿಯಿತು. ಪಕ್ಕದಲ್ಲಿ ಚಂದ್ರಾ ನದಿ ಬೂದುಬಣ್ಣದಲ್ಲಿ ಮೊರೆಯುತ್ತ ಜೊತೆಗೂಡಿತು. ಛತ್ರುವಿನಲ್ಲಿ ಚಹಾ ಕುಡಿದು ಮುಂದೆ ಹೋದಂತೆ ನಾಲೆಗಳು ಒಂದರ ಹಿಂದೆ ಒಂದು ಬಂದವು. ದೂರವಾಣಿಯ ಸಂಕೇತ ಆ ಹೊತ್ತಿಗಾಗಲೇ ಇಲ್ಲವಾಗಿತ್ತು.

ನಾಲೆ ದಾಟುವುದೆಂದರೆ ವೇಗದ ಕೆಲಸವಲ್ಲ. ಮೊದಲನೆಯ ಗೇರಿನಲ್ಲಿ, ನೀರಿನಡಿಯ ಉರುಟು ಕಲ್ಲುಗಳ ಮೇಲೆ, ಒಂದೇ ಸಮನಾಗಿ ಹೋಗಬೇಕು. ನಾಲ್ಕನೆಯದೋ ಐದನೆಯದೋ ನಾಲೆಯಲ್ಲಿ ಧಾರವಾಡದವರ ಹಿಂದಿನ ಚಕ್ರ ಕಲ್ಲಿನಿಂದ ಜಾರಿತು. ಗಾಡಿ ಎಡಕ್ಕೆ ವಾಲಿತು. ಅವರು ಎಡಗಾಲು ಊರಿದರು. ಊರಿದ ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು, ಸಾಮಾನು ಹೇರಿದ ಗಾಡಿ ಅದರ ಮೇಲೆ ಮಲಗಿತು. ಬರಿಯ ಗಾಡಿಯೇ ಸುಮಾರು 195 ಕಿಲೋ. ನಡೆದದ್ದು ಇಷ್ಟೇ, ಅದೂ ಎಷ್ಟು ನಿಧಾನವಾಗಿ! ಪರಿಚಯದವರ ಕಾಲು ಮುರಿದದ್ದೂ ಹೀಗೆಯೇ ಅಲ್ಲವೆ ಎಂಬ ಒಂದೇ ಮಾತು ಎಲ್ಲರ ಮನಸ್ಸಿನಲ್ಲೂ ಹಾಯಿತು. ಉಳಿದ ನಾವಿಬ್ಬರು ನೀರಿಗಿಳಿದೆವು. ಆ ನೀರಿನ ತಣುಪು ಎಲುಬನ್ನು ಕಚ್ಚುವಂಥದು. ಎತ್ತಲು ಇಬ್ಬರಿಂದ ಆಗಲಿಲ್ಲ. ಹಿಂದಿನಿಂದ ಬಂದ ಲಾರಿಯ ಚಾಲಕರೂ ಅವರ ಜೊತೆಯ ಹುಡುಗನೂ ಇಳಿದು ಬಂದು ಕೈ ಹಾಕಿದ ಮೇಲೆ ಗಾಡಿ ಎದ್ದಿತು. ಎರಡು ಮೂರು ನಿಮಿಷಗಳಿರಬಹುದು. ದಡದ ಮೇಲೆ ಕೂರಿಸಿ ಕೊಂಡಿಗಳನ್ನು ಬಿಚ್ಚುವಾಗ ಯಾರೂ ಮಾತಾಡಲಿಲ್ಲ.

ಕಾಲು ಇತ್ತು. ಹೊರಗಿನ ಫಲಕದ ಮೇಲೆ ಕಲ್ಲು ಗೀಚಿದ ಉದ್ದನೆಯ ಗೆರೆ, ಒಂದು ಕೊಂಡಿ ಮುರಿದಿತ್ತು, ಗೇರಿನ ಸನ್ನೆ ಬಾಗಿತ್ತು. ಪಾದ ಕೆಂಪಾಗಿತ್ತು, ಸಂಜೆಗೆ ಒಂದು ಕಡೆ ನೀಲಿಗಟ್ಟಿತು. ಹರಡು ಮಾತ್ರ ಎಲ್ಲ ಕಡೆಗೂ ಆಡಿತು. ಧಾರವಾಡದವರು ಎದ್ದು ನಿಂತು ಹತ್ತು ಹೆಜ್ಜೆ ಹಾಕಿದರು. ಅನಂತರ ಲಾರಿಯ ಹುಡುಗನಿಗೆ ಮನೆಯಿಂದ ತಂದ ಪೇಢೆಯ ಪೊಟ್ಟಣವನ್ನು ಇಡಿಯಾಗಿ ಕೊಟ್ಟುಬಿಟ್ಟರು. ಧಾರವಾಡದವರು ಪೇಢೆಯನ್ನು ಇಡಿಯಾಗಿ ಕೊಟ್ಟರೆಂದರೆ ಸಂದರ್ಭದ ಗಾಂಭೀರ್ಯ ವಾಚಕರಿಗೆ ತಿಳಿದೀತು.

ನೀರು ತಡೆಯುವ ಬೂಟಿನ ಗುಣದೋಷವೂ ಅದೇ ನಾಲೆಯಲ್ಲಿ ಗೊತ್ತಾಯಿತು. ಹೊರಗಿನಿಂದ ಒಂದು ಹನಿಯೂ ಒಳಬರಲಿಲ್ಲ. ಆದರೆ ನೀರು ಮಂಡಿಯವರೆಗೆ ಬಂದಾಗ ಅಂಚಿನ ಮೇಲಿನಿಂದ ಒಳಗೆ ಸುರಿಯಿತು. ಸುರಿದದ್ದು ಹೊರಗೆ ಹೋಗಲು ದಾರಿಯಿಲ್ಲ. ಬರಲು ಬಿಡದ ಪೊರೆ ಹೋಗಲೂ ಬಿಡದು. ಮೈಸೂರಿನವರು ಬೂಟನ್ನು ತಲೆಕೆಳಗು ಮಾಡಿ ತಂಬಿಗೆಯಂತೆ ಬಗ್ಗಿಸಿದರು. ಆದ್ದರಿಂದ ನೀರು ತಡೆಯುವ ಬೂಟಿರಲಿ ಬಿಡಲಿ, ಒಣ ಕಾಲುಚೀಲ ಎರಡು ಜೊತೆ ಕೈಗೆ ಸಿಗುವಂತೆ ಮೇಲೆಯೇ ಇರಬೇಕು. ಸಾಮಾನಿನ ಅಡಿಯಲ್ಲಿದ್ದರೆ ಇಲ್ಲದ್ದಕ್ಕೆ ಸಮ.

ಬಾತಾಲದಲ್ಲಿ ಬಿಸಿ ಅನ್ನ ರಾಜ್ಮಾ ಉಂಡು, ಸುತ್ತು ಸುತ್ತಾಗಿ ಏರಿ ಕುಂಜುಮ್ ಘಟ್ಟವನ್ನು ಮುಟ್ಟಿದೆವು. ಎತ್ತರ ಸುಮಾರು 4,550 ಮೀಟರು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರು. ಅದರ ಮೇಲೆ ಅದನ್ನೇ ಇನ್ನೊಮ್ಮೆ ಇಟ್ಟರೂ ಇಷ್ಟು ಎತ್ತರ ಬರುವುದಿಲ್ಲ. ಅಲ್ಲಿ ಕುಂಜುಮ್ ಮಾತೆಯ ಗುಡಿಯಿದೆ, ಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತವೆ. ದಾರಿಹೋಕರೆಲ್ಲ ಗುಡಿಗೆ ಒಂದು ಸುತ್ತು ಬಂದೇ ಮುಂದೆ ಹೋಗುವುದು. ನಾವೂ ಸುತ್ತು ಬಂದೆವು. ತೆಳುಗಾಳಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. ಆದರೂ ಮೂವರೂ ತಮ್ಮ ತಮ್ಮ ಕಾಲಿನ ಮೇಲೆಯೇ ಸುತ್ತಿದೆವು. ಬೇಡಿಕೊಳ್ಳಬೇಕಾದದ್ದು ಅಲ್ಲಿ ಬೇರೇನೂ ತೋಚಲಿಲ್ಲ.

ರಾತ್ರಿ ಲೋಸರಿನಲ್ಲಿ ತಂಗಿದಾಗ ಮನೆಯೊಡತಿ ಒದ್ದೆ ಬೂಟುಗಳನ್ನು ಒಲೆಯ ಹತ್ತಿರಕ್ಕೆ ತರಗೊಡಲಿಲ್ಲ. ಬೆಂಕಿಯ ಕಾವಿಗೆ ಅಟ್ಟೆಯ ಅಂಟು ಬಿಡುತ್ತದೆ, ಚರ್ಮವಾದರೆ ಬಿರಿಯುತ್ತದೆ. ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುರುಕಿ, ಅದು ನೀರು ಹೀರಿದ ಮೇಲೆ ಬೇರೆಯದನ್ನು ತುರುಕುವುದು ಅವರ ಕ್ರಮ. ಬೆಳಗಾಗುವುದರೊಳಗೆ ಮೂರು ದಿನದ ಸುದ್ದಿಯನ್ನು ಬೂಟುಗಳು ಓದಿ ಮುಗಿಸಿದ್ದವು.

ಕಾಜಾ ಪಟ್ಟಣದಿಂದ ಮೇಲೆ, ಸುಮಾರು 4,400 ಮೀಟರು ಎತ್ತರದಲ್ಲಿ ಹಿಕ್ಕಿಂ ಎಂಬ ಹಳ್ಳಿಯಿದೆ. ಅಲ್ಲಿಯ ಅಂಚೆ ಕಛೇರಿ 1983ರಿಂದ ನಡೆದಿದೆ. ಜಗತ್ತಿನ ಅತಿ ಎತ್ತರದ ಅಂಚೆ ಕಛೇರಿಗಳಲ್ಲೊಂದೆಂದು ಪ್ರಸಿದ್ಧಿ. ಅಲ್ಲಿ ಮೂವರೂ ಊರಿಗೆ ಕಾರ್ಡು ಬರೆದೆವು. ಮೈಸೂರಿನವರು ತಂದೆಗೆ ಬರೆದದ್ದರಲ್ಲಿ ಬೂಟಿನ ವಿವರವೇ ಅರ್ಧ ಕಾರ್ಡು. ಧಾರವಾಡದವರು ಮಡದಿಗೆ ಬರೆದದ್ದು ಒಂದೇ ಸಾಲು: “ಎರಡೂ ಕ್ಷೇಮ.”

ಈ ಬಗೆಯ ಸವಾರಿಯಲ್ಲಿ ನಮ್ಮ ನಾಡಿನವರು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು 2015ರ ಡಾಕಾರ್ ರ‍್ಯಾಲಿಯಲ್ಲಿ 36ನೆಯವರಾಗಿ ಗುರಿ ಮುಟ್ಟಿದರು. ಆ ಕಠಿಣ ಸ್ಪರ್ಧೆಯನ್ನು ಮುಗಿಸಿದ ಮೊದಲ ಭಾರತೀಯರು ಅವರು. ಅಂಥವರ ಚಿತ್ರಗಳನ್ನು ಗೋಡೆಗೆ ಹಚ್ಚಿಕೊಂಡ ಹುಡುಗರೂ ಹುಡುಗಿಯರೂ ಈಗ ನಮ್ಮ ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ಅವರು ಹೊರಟೇ ಹೊರಡುತ್ತಾರೆ. ತಡೆದರೆ ಹೇಳದೆ ಹೊರಡುತ್ತಾರೆ. ತಂದೆತಾಯಿಗಳಿಗೆ ನಮ್ಮ ಬಿನ್ನಹ ಇಷ್ಟೆ: ಬೇಡವೆನ್ನುವ ಬದಲು ಅವರ ಜೊತೆ ಅಂಗಡಿಗೆ ಹೋಗಿ. ಹೊಳೆಯುವ ಬಣ್ಣವನ್ನು ಬಿಟ್ಟು ಚೀಟಿಯ ನಾಲ್ಕು ಅಂಕಿಗಳನ್ನು ಓದಿ. ಕಲ್ಲು ನಾಲೆಗಳೇ ಹೆಚ್ಚಾದ ದಾರಿಗೆ ಎತ್ತರದ ಗಟ್ಟಿ ಬೂಟು, ನಡಿಗೆಯೂ ಸೇರಿದ ದೂರ ಪ್ರವಾಸಕ್ಕೆ ಹರಡನ್ನು ಕಾಯುವ ಮಧ್ಯಮ ಬೂಟು, ಎರಡಕ್ಕೂ ಕಾಲಿನ ಅಳತೆ ಮೊದಲು, ಕಂಪನಿಯ ಹೆಸರು ಕೊನೆಗೆ. ಬೂಟು ಬೇಕಾಗುವುದು ವೇಗಕ್ಕಲ್ಲ. ಆಸ್ಪತ್ರೆಯೂ ಬಂಧುಗಳೂ ದೂರವಿರುವ ಕಡೆ, ನಿಂತಲ್ಲೇ ಗಾಡಿ ವಾಲುವ ಆ ಒಂದು ಗಳಿಗೆಗೆ.

ನಮ್ಮ ಮೂರು ಜೋಡಿಗಳೂ ಈಗ ಸುಸ್ಥಿತಿಯಲ್ಲಿವೆ. ಮುರಿದ ಕೊಂಡಿಗೆ ಕರೋಲ್ ಬಾಗಿನಲ್ಲೇ ಹೊಸದು ಹಾಕಿಸಿದ್ದಾಗಿದೆ. ಅಳತೆ ಎಂಟು, ಒಂಬತ್ತು, ಹತ್ತು. ದಿಲ್ಲಿಯ ಕನ್ನಡ ಬಂಧುಗಳಲ್ಲಿ ಯಾರಿಗಾದರೂ ಹಾಕಿಕೊಂಡು ನೋಡಬೇಕೆನಿಸಿದರೆ ಭಾನುವಾರ ಬೆಳಿಗ್ಗೆ ಬರಬಹುದು. ಕಾಫಿ ಕೊಡುತ್ತೇವೆ. ದಪ್ಪ ಕಾಲುಚೀಲವನ್ನು ಮಾತ್ರ ತಾವೇ ತರತಕ್ಕದ್ದು.